ಫೋಟೊ ನೋಡಿ ಅಡ್ವಾನ್ಸ್ ಹಾಕಬಹುದೇ?

ಬಾಡಿಗೆ ಮನೆ ಹುಡುಕಾಟ ಈಗ ಬೀದಿಯಿಂದ ಮೊಬೈಲಿಗೆ ಬಂದಿದೆ. ಗೇಟಿಗೆ ನೇತುಹಾಕುತ್ತಿದ್ದ ‘ಮನೆ ಬಾಡಿಗೆಗಿದೆ’ ಬೋರ್ಡಿನ ಜಾಗದಲ್ಲಿ ಐದಾರು ಫೋಟೊ, ಒಂದು ಫೋನ್ ನಂಬರ್. ಗುಂಡ್ಲುಪೇಟೆಯವನಾದ ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಚಾಮರಾಜನಗರದಲ್ಲಿ ರೂಮು ಹುಡುಕುತ್ತಿದ್ದೇನೆ. ‘ಬೇರೆಯವರೂ ಕೇಳ್ತಿದ್ದಾರೆ, ಮೊದಲು ಟೋಕನ್ ಹಾಕಿಬಿಡಿ’ ಎಂಬ ಮಾತನ್ನು ಹಲವು ಸಲ ಕೇಳಿದ್ದೇನೆ. ಸಂಬಳವಿಲ್ಲದ ನಮ್ಮಂಥವರಿಗೆ ಅಡ್ವಾನ್ಸ್ ಎಂದರೆ ಅಪ್ಪ ಅಮ್ಮ ಹೊಂದಿಸಿಕೊಟ್ಟ ದುಡ್ಡು. ಅದನ್ನು ಫೋಟೊ ನಂಬಿ ಕಳಿಸಬಹುದೇ?

ಫೋಟೊ ಪೂರ್ತಿ ಸುಳ್ಳಲ್ಲ. ಮನೆ ತಾರಸಿಯದೋ ಶೀಟಿನದೋ, ಕಿಟಕಿ ಎಷ್ಟಿವೆ, ನೆಲಕ್ಕೆ ಏನು ಹಾಕಿದ್ದಾರೆ ಎಂಬುದು ತಿಳಿಯುತ್ತದೆ. ಮೋಸ ಹೋಗುವುದು ಅಳತೆಯಲ್ಲಿ. ಮೊಬೈಲಿನ 0.5 ಲೆನ್ಸ್‌ನಲ್ಲಿ ಮೂಲೆಯಿಂದ ಕ್ಲಿಕ್ಕಿಸಿದರೆ ಇಕ್ಕಟ್ಟಿನ ಕೋಣೆಯೂ ಹಾಲ್‌ನಂತೆ ಕಾಣುತ್ತದೆ. ಹೊಸ ಪೇಂಟಿನಡಿ ಗೋಡೆಯ ತೇವ ಅಡಗುತ್ತದೆ. ಬೇಸಿಗೆಯಲ್ಲಿ ತೆಗೆದ ಚಿತ್ರ ಮಳೆಗಾಲದ ಸೋರಿಕೆಯನ್ನು ಹೇಳುವುದಿಲ್ಲ. ನಲ್ಲಿಯಲ್ಲಿ ನೀರು ಬರುವುದೇ, ಚರಂಡಿ ನಾರುವುದೇ ಎಂಬುದಂತೂ ಯಾವ ಫೋಟೊದಲ್ಲೂ ಇರುವುದಿಲ್ಲ. ಆದ್ದರಿಂದ ತೋರಿಸಿದ್ದಕ್ಕಿಂತ ತೋರಿಸದೇ ಬಿಟ್ಟಿದ್ದನ್ನು ಗಮನಿಸಬೇಕು. ಹಾಲ್‌ನದೇ ನಾಲ್ಕು ಫೋಟೊ ಇದ್ದು ಬಚ್ಚಲುಮನೆಯದು ಒಂದೂ ಇಲ್ಲದಿದ್ದರೆ ಕೇಳಲೇಬೇಕು.

ಕಾನೂನು ಇಲ್ಲವೇ? 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಬಿಲ್ಡರ್‌ನ ಸುಳ್ಳು ಜಾಹೀರಾತು ನಂಬಿ ಹಣ ಕೊಟ್ಟು ನಷ್ಟವಾದವರು ಪರಿಹಾರ ಕೇಳಬಹುದು. ಯೋಜನೆಯಿಂದ ಹಿಂದೆ ಸರಿದರೆ ಕಟ್ಟಿದ ಹಣವನ್ನು ಬಡ್ಡಿಸಮೇತ ಪಡೆಯಬಹುದು. ಆದರೆ ಅದು ಹೊಸ ಲೇಔಟ್, ಅಪಾರ್ಟ್‌ಮೆಂಟ್ ಯೋಜನೆಗಳಿಗಾಗಿ ಮಾಡಿದ ಕಾಯ್ದೆ. ಬಾಡಿಗೆ ರೂಮಿನ ಫೋಟೊಗೆ ಅದರ ರಕ್ಷಣೆ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮಾರಾಟದ ಮನೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಬದಲಿಸಿದ್ದರೆ ಏಜೆಂಟರು ಅದನ್ನು ತಿಳಿಸಲೇಬೇಕೆಂಬ ನಿಯಮ 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ನಮ್ಮಲ್ಲಿಯೂ ಜಾಹೀರಾತಿನ ಫೋಟೊಗೆ ತೆಗೆದ ದಿನಾಂಕ ಹಾಕುವುದನ್ನಾದರೂ ಕಡ್ಡಾಯ ಮಾಡಬಾರದೇಕೆ?

ಅಲ್ಲಿಯವರೆಗೆ ನಮ್ಮ ಎಚ್ಚರವೇ ನಮಗೆ ಕಾವಲು. ಗುಂಡ್ಲುಪೇಟೆಯಿಂದ ತೆರಕಣಾಂಬಿ ಮಾರ್ಗದ ಬಸ್ಸು ಹತ್ತಿದರೆ ಚಾಮರಾಜನಗರ ದೂರವೇನಲ್ಲ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚೂ ಇಲ್ಲ. ಹೋಗಲಾಗದವರು ವಿಡಿಯೊ ಕಾಲ್ ಮಾಡಿ, ಬೀದಿಯಿಂದಲೇ ಶುರುಮಾಡಿ ಒಳಗೆ ನಡೆದು ತೋರಿಸಲು ಹೇಳಿ. ನಲ್ಲಿ ತಿರುಗಿಸಲಿ, ಸ್ವಿಚ್ ಹಾಕಲಿ, ಮೇಲ್ಛಾವಣಿಯ ಮೂಲೆ ತೋರಿಸಲಿ. ಪಕ್ಕದ ಮನೆಯವರನ್ನೋ ಹಿಂದೆ ಇದ್ದ ಹುಡುಗರನ್ನೋ ಒಂದು ಮಾತು ಕೇಳಿದರೆ ಇನ್ನೂ ಒಳ್ಳೆಯದು. ಮನೆ ಚೆನ್ನಾಗಿದ್ದರೆ ಮಾಲೀಕರಿಗೆ ತೋರಿಸಲು ತೊಂದರೆ ಇರುವುದಿಲ್ಲ. ‘ಮೊದಲು ದುಡ್ಡು, ಆಮೇಲೆ ಮನೆ’ ಎಂದರೆ ಅಂಥ ರೂಮನ್ನು ಬಿಟ್ಟುಬಿಡುವುದೇ ಲಾಭ.