ಬೆನ್ನಿನ ಮೇಲಿನ ಅಂಕಿ

ಕೊಯ್ಲು ಮುಗಿದ ಗದ್ದೆಯಲ್ಲಿ ಸಂಜೆ ಹೊತ್ತು ಕಾಲ್ಚೆಂಡಾಡುವ ಮಕ್ಕಳನ್ನು ನಾವೆಲ್ಲರೂ ನೋಡಿಯೇ ಇರುತ್ತೇವೆ. ಒಬ್ಬನ ಬೆನ್ನಿನ ಮೇಲೆ 7, ಇನ್ನೊಬ್ಬನ ಬೆನ್ನಿನ ಮೇಲೆ 10. ಅಂಕಿಯ ಸಲುವಾಗಿ ಆಗಾಗ ಜಗಳವೂ ಆಗುವುದುಂಟು. ಹಿರಿಯರಾದ ನಮಗೆ ಇದು ಹುಡುಗಾಟಿಕೆಯೆಂದು ತೋರುವುದು ಸಹಜ. ಆದರೆ ಅಂಗಿಯ ಮೇಲಿನ ಒಂದು ಅಂಕಿಗೆ ಒಬ್ಬ ಮನುಷ್ಯನ ನಿಷ್ಠೆ, ಒಂದು ಮನೆತನದ ಮರ್ಯಾದೆ ಅಂಟಿಕೊಳ್ಳುವುದೂ ಉಂಟು. ಇಟಲಿ ದೇಶದ ಎ.ಸಿ. ಮಿಲಾನ್ ತಂಡದ ಎರಡು ಅಂಗಿಗಳ ವೃತ್ತಾಂತವನ್ನು ಈ ಬಾರಿ ಓದುಗರ ಮುಂದಿಡುತ್ತಿದ್ದೇವೆ.

ಹಿಂದೆ ಅಂಕಿಯು ಆಟಗಾರನದಾಗಿರಲಿಲ್ಲ, ಆಡುವ ಸ್ಥಾನದ್ದಾಗಿತ್ತು. ಅಂದಂದು ಕಣಕ್ಕಿಳಿದ ಹನ್ನೊಂದು ಮಂದಿಗೆ 1ರಿಂದ 11ರವರೆಗಿನ ಅಂಕಿಗಳು ಹಂಚಿಕೆಯಾಗುತ್ತಿದ್ದವು. ಇಟಲಿಯಲ್ಲಿ 1 ಗೋಲು ಕಾಯುವವನಿಗೆ, 3 ಎಡಬದಿಯ ರಕ್ಷಕನಿಗೆ, 6 ಎಲ್ಲ ರಕ್ಷಕರ ಹಿಂದೆ ನಿಂತು ಅವರ ತಪ್ಪನ್ನು ತುಂಬಿಕೊಡುವವನಿಗೆ. ಆ ದೇಶದ ಮೊದಲ ದರ್ಜೆಯ ಲೀಗಿನಲ್ಲಿ ಒಬ್ಬ ಆಟಗಾರನಿಗೆ ಋತುವಿಡೀ ಒಂದೇ ಅಂಕಿ ಎಂಬ ಪದ್ಧತಿ ಬಂದದ್ದು 1995ರಲ್ಲಿ. ಅದಕ್ಕೆ ಬಹಳ ಮೊದಲೇ ಮಿಲಾನಿನ 6 ಒಬ್ಬರ ಹೆಸರಾಗಿಬಿಟ್ಟಿತ್ತು.

ಅವರೇ ಫ್ರಾಂಕೊ ಬರೇಸಿ. 1960ರಲ್ಲಿ ಹುಟ್ಟಿದ ಈ ಹಳ್ಳಿಯ ಹುಡುಗ ಹದಿಹರೆಯದಲ್ಲಿಯೇ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ. ಅದೇ ನಗರದ ಎದುರಾಳಿ ತಂಡವಾದ ಇಂಟರ್ ಅಣ್ಣ ಜುಸೆಪ್ಪೆಯನ್ನು ಸೇರಿಸಿಕೊಂಡು, ಮೈಕಟ್ಟು ಸಾಲದೆಂದು ತಮ್ಮನನ್ನು ಮರಳಿ ಕಳುಹಿಸಿತು. ಮಿಲಾನ್ ಕೈಹಿಡಿಯಿತು. ಆ ಋಣವನ್ನು ಬರೇಸಿ ತೀರಿಸಿದ ಬಗೆ ನೆನೆಯತಕ್ಕದ್ದು. 1980ರಲ್ಲಿ ಪಂದ್ಯಗಳ ಜೂಜಿನ ಹಗರಣದಿಂದಾಗಿ ಮಿಲಾನ್ ತಂಡವನ್ನು ಎರಡನೆಯ ದರ್ಜೆಗೆ ಇಳಿಸಲಾಯಿತು. ಮೇಲೇರಿ ಬಂದ ತಂಡವು 1982ರಲ್ಲಿ ಆಟದಲ್ಲಿಯೇ ಸೋತು ಮತ್ತೊಮ್ಮೆ ಇಳಿಯಿತು. ಬರೇಸಿಯವರಂತಹ ಆಟಗಾರನಿಗೆ ಬೇರೆ ತಂಡ ಸಿಗುವುದು ಕಷ್ಟವಾಗಿರಲಿಲ್ಲ. ಎರಡು ಸಲವೂ ಅವರು ತಂಡವನ್ನು ಬಿಟ್ಟುಹೋಗಲಿಲ್ಲ. ಇಪ್ಪತ್ತೆರಡರ ಹರೆಯದಲ್ಲಿ ನಾಯಕತ್ವದ ಹೊಣೆ ಹೊತ್ತು, 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ಪನ್ನು ಎತ್ತಿ ಹಿಡಿದರು. 1997ರಲ್ಲಿ ಅವರು ನಿವೃತ್ತರಾದಾಗ ಸಂಸ್ಥೆಯು 6ನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ಸಾರಿತು.

ಇನ್ನು 3ರ ಕಥೆ. 1963ರಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಮಿಲಾನಿಗೆ ಮೊದಲ ಯುರೋಪಿಯನ್ ಕಪ್ಪನ್ನು ತಂದುಕೊಟ್ಟ ನಾಯಕ ಚೆಸಾರೆ ಮಾಲ್ದೀನಿ. ಅವರ ಮಗ ಪಾವೊಲೊ 1985ರ ಜನವರಿಯಲ್ಲಿ, ಹದಿನಾರರ ಪ್ರಾಯದಲ್ಲಿ, ಮೊದಲ ಬಾರಿ ಕಣಕ್ಕಿಳಿದರು. ಅಪ್ಪನ ಹೆಸರಿನಿಂದ ಬಂದವನೆಂಬ ಮಾತಿಗೆ ಅವರು ಕೊಟ್ಟ ಉತ್ತರ 902 ಪಂದ್ಯಗಳು. ತಂದೆ ಕಪ್ಪನ್ನೆತ್ತಿದ ನಲವತ್ತು ವರ್ಷಗಳ ತರುವಾಯ, 2003ರಲ್ಲಿ, ಅದೇ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಮಗನೂ ನಾಯಕನಾಗಿ ಅದೇ ಕಪ್ಪನ್ನು ಎತ್ತಿದರು.

ಇಷ್ಟಾದರೂ ಬೀಳ್ಕೊಡುಗೆ ಸಿಹಿಯಾಗಿರಲಿಲ್ಲ. 2009ರ ಮೇ ತಿಂಗಳಿನಲ್ಲಿ ತವರು ಮೈದಾನದ ಕೊನೆಯ ಪಂದ್ಯದ ದಿನ, ಹಳೆಯ ಮನಸ್ತಾಪವಿದ್ದ ಬೆಂಬಲಿಗರ ಒಂದು ಗುಂಪು ಸಿಳ್ಳೆ ಹಾಕಿ ಹೀಯಾಳಿಸಿತು. ಬರೇಸಿಯವರ 6ರ ದೊಡ್ಡ ಅಂಗಿಯನ್ನು ಬಿಡಿಸಿ ಹಿಡಿದು, ನಾಯಕನೆಂದರೆ ಅವರೊಬ್ಬರೇ ಎಂದು ಕೂಗಿತು. ಒಂದು ಅಂಕಿಯಿಂದ ಇನ್ನೊಂದು ಅಂಕಿಯನ್ನು ನೋಯಿಸಿದ ಪ್ರಸಂಗವಿದು. ಇಬ್ಬರೂ ವರ್ಷಗಟ್ಟಲೆ ಹೆಗಲಿಗೆ ಹೆಗಲು ಕೊಟ್ಟು ಆಡಿದವರೆಂಬುದನ್ನು ಆ ಜನ ಮರೆತರು. ಮುಂದಿನ ವಾರ ಫ್ಲಾರೆನ್ಸಿನಲ್ಲಿ ಕಡೆಯ ಪಂದ್ಯ. ಅಲ್ಲಿ ಎದುರಾಳಿ ತಂಡದ ಪ್ರೇಕ್ಷಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಮನೆಯವರು ಕೊಡದ ಮರ್ಯಾದೆಯನ್ನು ನೆರೆಯವರು ಕೊಟ್ಟರೆಂದು ಹೇಳಬೇಕು.

3ನ್ನೂ ಸಂಸ್ಥೆ ತೆಗೆದಿರಿಸಿತು. ಆದರೆ ಒಂದು ವಿನಾಯಿತಿಯಿತ್ತು: ಪಾವೊಲೊ ಅವರ ಮಕ್ಕಳಲ್ಲಿ ಯಾರಾದರೂ ಮಿಲಾನಿನ ಮುಖ್ಯ ತಂಡಕ್ಕೆ ಬಂದರೆ ಆ ಅಂಗಿ ಅವರಿಗೆ ಸಲ್ಲಬಹುದು. ಕಿರಿಯ ಮಗ ದಾನಿಯೆಲ್ 2020ರಲ್ಲಿ ಬಂದೇ ಬಂದರು. 2021ರ ಸೆಪ್ಟೆಂಬರಿನಲ್ಲಿ ಸ್ಪೆತ್ಸಿಯ ತಂಡದ ವಿರುದ್ಧ ಗೋಲು ಹೊಡೆದರು. ತಂದೆ ಪ್ರೇಕ್ಷಕರ ನಡುವೆ ಕುಳಿತು ನೋಡುತ್ತಿದ್ದರು. ಆ ಋತುವಿನಲ್ಲಿ ಮಿಲಾನ್ ಇಟಲಿಯ ಲೀಗನ್ನು ಗೆದ್ದು, ಅಜ್ಜ, ತಂದೆ, ಮೊಮ್ಮಗ ಮೂವರೂ ಒಂದೇ ತಂಡದಲ್ಲಿ ಆ ಪಟ್ಟವನ್ನು ಕಂಡಂತಾಯಿತು. ಆದರೆ ಗೋಲು ಹೊಡೆದ ದಿನ ಆ ಹುಡುಗನ ಬೆನ್ನಿನ ಮೇಲಿದ್ದದ್ದು 3 ಅಲ್ಲ, 27. ಮುಂದೆ ಅವರು ಬೇರೆ ತಂಡಗಳಿಗೆ ಆಡಲು ಹೋದರು.

ಇದರಲ್ಲಿ ಕೊರತೆಯೇನೂ ನಮಗೆ ಕಾಣುವುದಿಲ್ಲ. ಹೊಲಮನೆಗಳು ಪಿತ್ರಾರ್ಜಿತವಾಗಿ ಬರಬಹುದು. 902 ಪಂದ್ಯಗಳ ಬೆವರು ಹಾಗೆ ಬರುವುದಿಲ್ಲ. ತಂದೆಯ ಅಂಗಿಯನ್ನು ಪೆಟ್ಟಿಗೆಯಲ್ಲಿಯೇ ಇರಗೊಟ್ಟು ತನ್ನದೇ ಒಂದು ಅಂಕಿಯನ್ನು ಹೊತ್ತು ನಡೆಯುವುದು ತಂದೆಗೆ ತೋರುವ ಗೌರವವೂ ಆಗಬಲ್ಲದು. ನಮ್ಮ ಓದುಗರ ಮನೆಯಲ್ಲಿ ಚೆಂಡಾಡುವ ಮಕ್ಕಳಿದ್ದರೆ, ಬೆನ್ನಿನ ಮೇಲಿನ ಅಂಕಿ ಯಾರದೆಂದು ಒಮ್ಮೆ ಕೇಳಿನೋಡಿರಿ. ಅವರು ಹೇಳುವ ಕಥೆಯನ್ನು ಕುಳಿತು ಕೇಳಿರಿ.