ಹೋಲಿಕೆ ಎಲ್ಲಿಯವರೆಗೆ?

ಕಳೆದ ಭಾನುವಾರ ಮೊಮ್ಮಗನನ್ನು ಕರೆದುಕೊಂಡು ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಹೋಗಿದ್ದೆ. ಮಕ್ಕಳೇ, ಅಲ್ಲಿನ ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳರ ಕಾಲದಲ್ಲಿ, 1224ರಲ್ಲಿ, ಪೋಲಾಳ್ವ ಎಂಬ ದಂಡನಾಯಕ ಕಟ್ಟಿಸಿದ. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು.

"ಅಜ್ಜ, ಇಬ್ಬರು ಒಬ್ಬರಾಗೋದು ಹೇಗೆ?" ಎಂದು ಕೇಳಿದ.

ಪಕ್ಕದಲ್ಲೇ ಹೊಳೆ. "ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿ ತುಂಗಭದ್ರೆ ಆಗಲಿಲ್ವೇನೋ? ಹಾಗೇ" ಎಂದೆ.

ಸ್ವಲ್ಪ ಹೊತ್ತು ಯೋಚಿಸಿದ. "ಹೊಳೆಯಲ್ಲಿ ನೀರು ಬೆರೆತುಹೋಗುತ್ತೆ. ಮೂರ್ತಿಯಲ್ಲಿ ಇಬ್ಬರೂ ಬೇರೆ ಬೇರೆ ಕಾಣ್ತಾರಲ್ಲ?"

ನಾನು ಸುಮ್ಮನಾದೆ. ಹುಡುಗ ಹೇಳಿದ್ದು ಸರಿ. ನದಿಯ ಹೋಲಿಕೆ ನಮ್ಮ ಹಿರಿಯರ ನಂಬಿಕೆ ಏನೆಂದು ತಿಳಿಸುತ್ತದೆ, ಅದನ್ನು ಸಾಬೀತು ಮಾಡುವುದಿಲ್ಲ.

ನಮ್ಮ ನ್ಯಾಯಶಾಸ್ತ್ರದವರು ಪ್ರತ್ಯಕ್ಷ, ಅನುಮಾನ, ಶಬ್ದಗಳ ಜೊತೆಗೆ ಉಪಮಾನವನ್ನೂ ತಿಳಿವಿನ ದಾರಿ ಎಂದರು. ಅವರ ಉದಾಹರಣೆ ಇದು: ಗವಯವೆಂಬ ಕಾಡುಪ್ರಾಣಿ ಹಸುವಿನ ಹಾಗಿರುತ್ತದೆ ಎಂದು ಕೇಳಿದವನು ಕಾಡಿನಲ್ಲಿ ಅದನ್ನು ಕಂಡಾಗ ಗುರುತಿಸುತ್ತಾನೆ. ಆದರೆ ಹಸುವಿನ ಹಾಗಿದೆಯೆಂದು ಚೊಂಬು ಹಿಡಿದು ಹಾಲು ಕರೆಯಲು ಹೋದರೆ?

ನಾನು ಹಾಗೇ ಹೋದವನು. ಬ್ಯಾಂಕಿನಲ್ಲಿದ್ದಾಗ ಒಂದು ದಿನ ಎದೆ ಉರಿಯಿತು. ಹಿಂದಿನ ವಾರ ಗೆಳೆಯನೊಬ್ಬನಿಗೂ ಉರಿದಿತ್ತು. ಅವನದು ಗ್ಯಾಸು, ಸೋಡಾ ಕುಡಿದ, ಹೋಯಿತು. ನನ್ನದೂ ಅದೇ ಎಂದುಕೊಂಡು ಸೋಡಾ ಕುಡಿದು ಸಂಜೆಯವರೆಗೆ ಲೆಡ್ಜರ್ ಬರೆದೆ. ರಾತ್ರಿ ಮೈಯೆಲ್ಲ ಬೆವರಿ, ಮನೆಯವರು ಆಸ್ಪತ್ರೆಗೆ ಸೇರಿಸಿದರು. ಅದು ಹೃದಯಾಘಾತ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಗೊತ್ತಿದ್ದೂ ಮೋಸಹೋಗಿದ್ದೆ.

ಡಾಕ್ಟರೂ ಹೋಲಿಕೆಯನ್ನೇ ಕೊಟ್ಟರು: "ನಲ್ಲಿಯ ಪೈಪಿನಲ್ಲಿ ಪಾಚಿ ಕಟ್ಟಿದ ಹಾಗೆ, ರಕ್ತನಾಳ ಕಟ್ಟಿಕೊಂಡಿದೆ." ಆದರೆ ಅವರು ಮೊದಲು ಇಸಿಜಿ ನೋಡಿದ್ದರು, ಆಮೇಲೆ ಹೋಲಿಸಿದರು. ನಾನು ಹೋಲಿಸಿದೆ, ನೋಡಲೇ ಇಲ್ಲ.

ಆದ್ದರಿಂದ ಯಾರಾದರೂ "ಇದೂ ಹಾಗೇ" ಎಂದರೆ ಎರಡು ಪ್ರಶ್ನೆ ಕೇಳಿ: ಎಲ್ಲಿ ಒಂದೇ ಥರ? ಎಲ್ಲಿ ಬೇರೆ? ಪಕ್ಕದ ಮನೆಯವರ ಮಾತ್ರೆ ನುಂಗುವ ಮೊದಲು ನನ್ನ ವಯಸ್ಸಿನವರೂ ಕೇಳಿಕೊಳ್ಳಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಈ ಕಥೆ ಹೇಳಿ, "ಪೈಪಿಗೂ ಎದೆಗೂ ಏನು ಬೇರೆ, ಹೇಳು ನೋಡೋಣ" ಎಂದೆ.

"ಪೈಪು ನೋವಾಯ್ತು ಅಂತ ಹೇಳಲ್ಲ ಅಜ್ಜ. ಎದೆ ಹೇಳುತ್ತೆ."

ಹೇಳಿತ್ತು ಮಗು. ನಾನೇ ಕೇಳಿಸಿಕೊಳ್ಳಲಿಲ್ಲ.