ಧ್ರುವ ಅಚಲವೇ?

ಧ್ರುವನಕ್ಷತ್ರ ಅಚಲ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸುವುದನ್ನು ನಾವು ಉಪಾಧ್ಯಾಯರು ಇನ್ನಾದರೂ ಬಿಡಬೇಕು. ಆಕಾಶದ ನಿಜವಾದ ಧ್ರುವಬಿಂದು ಬರಿಯ ಖಾಲಿ ಜಾಗ. ನಕ್ಷತ್ರ ಅದರಿಂದ ಅರ್ಧ ಡಿಗ್ರಿಗೂ ಹೆಚ್ಚು, ಹುಣ್ಣಿಮೆ ಚಂದ್ರನ ಅಗಲಕ್ಕಿಂತಲೂ ಹೆಚ್ಚು ದೂರವಿದ್ದು ದಿನಕ್ಕೊಮ್ಮೆ ಸುತ್ತುತ್ತದೆ. (ಮದುವೆಮನೆಯಲ್ಲಿ ಹಾಡುಹಗಲೇ ಅರುಂಧತಿ ತೋರಿಸುವವರು ನಾವು, ಇದನ್ನೆಲ್ಲಿ ನೋಡುತ್ತೇವೆ!)

ಆಕಾಶದ ಫೋಟೋ ತೆಗೆಯುವವರಿಗೆ ಈ ಬಾಯಿಪಾಠ ಸಾಲದು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ದೂರದರ್ಶಕ ನಿಲ್ಲಿಸಿದ ಸ್ಟ್ಯಾಂಡಿನ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರದಿದ್ದರೆ, ಮೋಟಾರಿದ್ದರೂ ಚುಕ್ಕಿಗಳು ಗೆರೆಗಳಾಗುತ್ತವೆ. ನಮ್ಮ ಹೆಮ್ಮಿಗೆಯಲ್ಲಿ ಅದನ್ನು ಉತ್ತರಕ್ಕೆ ಸುಮಾರು 12 ಡಿಗ್ರಿ ಎತ್ತಿದರೆ ಸಾಕು. ಅದೇ ನಮ್ಮೂರಿನ ಅಕ್ಷಾಂಶ. ಅಷ್ಟು ಕೆಳಗಿನ ಧ್ರುವ ತೆಂಗಿನ ಮರಗಳ ಹಿಂದೆ ಅಡಗಿದರೆ, ನೆತ್ತಿಯ ಕಡೆಯದೊಂದು, ಮೂಡಲಲ್ಲಿ ತಗ್ಗಿನದೊಂದು ಚುಕ್ಕಿ ಉತ್ತರಕ್ಕೋ ದಕ್ಷಿಣಕ್ಕೋ ಜಾರುವುದನ್ನು ನೋಡಿ ಅಕ್ಷ ತಿದ್ದಬಹುದು.

ಊಟಿಯ 530 ಮೀಟರ್ ಉದ್ದದ ರೇಡಿಯೋ ದೂರದರ್ಶಕವನ್ನು 1970ರಲ್ಲಿ ಇದೇ ಲೆಕ್ಕದಿಂದ, ಅಲ್ಲಿನ ಅಕ್ಷಾಂಶದಷ್ಟೇ, ಸುಮಾರು 11 ಡಿಗ್ರಿ, ಓರೆಯಿರುವ ಗುಡ್ಡದ ಮೇಲೆ ಕೂರಿಸಿದರು. ನಾವೋ, ಪ್ರವಾಸದಲ್ಲಿ ಅದೇ ಊಟಿಗೆ ಹೋಗಿ ಹೂದೋಟ ತೋರಿಸಿ ಮಕ್ಕಳನ್ನು ವಾಪಸು ಕರೆತರುತ್ತೇವೆ. ದುಡ್ಡಿಲ್ಲ ಎನ್ನಬೇಡಿ. ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ದಾರ ಕಟ್ಟಿ ಕಲ್ಲು ತೂಗಿಬಿಟ್ಟರೆ ಧ್ರುವದ ಎತ್ತರ ಅಳೆಯಬಹುದು.